ಮೈದಾನದಲ್ಲಿ ವಿಶ್ವಾಸದ ಮಾತು: ಸಾಕ್ಷ್ಯವೇ, ಪ್ರಚಾರವೇ?

2025ರ ಅಕ್ಟೋಬರ್ 30ರಂದು ನವಿ ಮುಂಬಯಿಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಡೆದ ಮಹಿಳಾ ವಿಶ್ವಕಪ್ ಕ್ರಿಕೆಟ್ ಸೆಮಿಫೈನಲ್‌ನಲ್ಲಿ ಭಾರತ ತಂಡವು ಆಸ್ಟ್ರೇಲಿಯಾ ನೀಡಿದ 339 ರನ್‌ಗಳ ಗುರಿಯನ್ನು ಐದು ವಿಕೆಟ್ ನಷ್ಟಕ್ಕೆ ತಲುಪಿತು. ಔಟಾಗದೆ 127 ರನ್ ಗಳಿಸಿದ ಜೆಮಿಮಾ ರೊಡ್ರಿಗಸ್, ಪಂದ್ಯದ ನಂತರ ಮಾತಿಗೆ ನಿಂತಾಗ ಮೊದಲು ವಂದಿಸಿದ್ದು ಯೇಸುವಿಗೆ. ಆಮೇಲೆ ತಾಯಿ, ತಂದೆ, ತರಬೇತುದಾರರಿಗೆ. ಮಂಗಳೂರು ಮೂಲದ ಕ್ರೈಸ್ತ ಕುಟುಂಬದ ಈ ಹೆಣ್ಣುಮಗಳು ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ.

ಈ ಮಾತು ಹಳ್ಳಿಹಳ್ಳಿಗೂ ತಲುಪಿತು. ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಹಳ್ಳಿಗಳಲ್ಲಿ ಕ್ರೈಸ್ತರ ಮನೆಗಳು ಕಡಿಮೆ. ಊರ ಕ್ರಿಕೆಟ್ ತಂಡದಲ್ಲಿ ನಮ್ಮ ಹುಡುಗನಿದ್ದರೆ ಒಬ್ಬನೇ. ಬ್ಯಾಟ್ ಹಿಡಿದು ಹೊರಡುವಾಗ ಶಿಲುಬೆ ಗುರುತು ಮಾಡಿದರೆ ಯಾರಾದರೂ ಏನಾದರೂ ಅಂದಾರೇ ಎಂಬ ಅಳುಕು ಅವನಿಗಿರಬಹುದು. ಅವನಿಗೆ ತಂದೆತಾಯಂದಿರು, ಉಪದೇಶಿಗಳು ಏನು ಹೇಳಬೇಕು?

ಮೊದಲಿಗೆ, ಇದು ನಮ್ಮ ನಾಡಿಗೆ ಹೊಸದಲ್ಲ. ಅದೇ ಸೀಮೆಯ ಪೈಲ್ವಾನರು ಕುಸ್ತಿಗೆ ಇಳಿಯುವಾಗ ಕಣದ ಮಣ್ಣನ್ನು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾರೆ. ಗರಡಿಮನೆಯಲ್ಲಿ ಹನುಮಂತನಿಗೆ ಕೈಮುಗಿಯುತ್ತಾರೆ. ಅದನ್ನು ಯಾರೂ ಪ್ರಚಾರ ಅನ್ನುವುದಿಲ್ಲ, ಅನ್ನಲೂ ಬಾರದು. ಶಿಲುಬೆ ಗುರುತೂ ಅಂಥದ್ದೇ.

ಎರಡನೆಯದಾಗಿ, ಜೆಮಿಮಾ ಹೇಳಿದ್ದನ್ನು ಪೂರ್ತಿಯಾಗಿ ಕೇಳಬೇಕು. ದೇವರು ನಮ್ಮ ಪಕ್ಷ ವಹಿಸಿ ಎದುರಾಳಿಗಳನ್ನು ಸೋಲಿಸಿದರು ಎಂದು ಅವರು ಹೇಳಲಿಲ್ಲ. ಆ ಟೂರ್ನಿಯಲ್ಲಿ ಇಂಗ್ಲೆಂಡ್ ವಿರುದ್ಧದ ಪಂದ್ಯಕ್ಕೆ ಅವರನ್ನು ಕೈಬಿಡಲಾಗಿತ್ತು. ಆತಂಕದಿಂದ ಹೆಚ್ಚುಕಡಿಮೆ ದಿನವೂ ಅತ್ತಿದ್ದೇನೆ, ನನ್ನೊಬ್ಬಳಿಂದ ಇದು ಆಗುತ್ತಿರಲಿಲ್ಲ ಎಂದರು. ಇನಿಂಗ್ಸ್‌ನ ಕೊನೆಗೆ ಮನಸ್ಸಿನಲ್ಲಿ ಹೇಳಿಕೊಂಡದ್ದು ಪವಿತ್ರ ಗ್ರಂಥದ ಮಾತು: ಸುಮ್ಮನೆ ನಿಂತಿರು, ದೇವರೇ ಹೋರಾಡುತ್ತಾರೆ ಎಂಬರ್ಥದ್ದು. ಕೆಂಪು ಸಮುದ್ರದ ದಡದಲ್ಲಿ ನಡುಗುತ್ತಿದ್ದ ಜನರಿಗೆ ಮೋಶೆ ಹೇಳಿದ ಮಾತದು (ವಿಮೋಚನಾಕಾಂಡ 14:14). ಗೆದ್ದವರ ಜಂಬ ಇದರಲ್ಲಿಲ್ಲ. ನನಗೆ ಹಿಡಿಸಿದ್ದು ಇದೇ, ಶತಕಕ್ಕಿಂತಲೂ ಹೆಚ್ಚಾಗಿ.

ಇಂಥ ಮಾತಿಗೆ ಬೆಲೆ ತೆರಬೇಕಾಗುವುದೂ ಉಂಟು. 2024ರ ಅಕ್ಟೋಬರ್‌ನಲ್ಲಿ ಮುಂಬಯಿಯ ಖಾರ್ ಜಿಮ್‌ಖಾನಾ ಅವರ ಗೌರವ ಸದಸ್ಯತ್ವವನ್ನು ರದ್ದುಪಡಿಸಿತು. ತಂದೆ ಕ್ಲಬ್ಬಿನ ಜಾಗವನ್ನು ಧಾರ್ಮಿಕ ಸಭೆಗಳಿಗೆ ಬಳಸಿದರೆಂಬುದು ಕೆಲವು ಸದಸ್ಯರ ದೂರು. ನಿಯಮದಂತೆಯೇ ಪ್ರಾರ್ಥನಾ ಕೂಟ ನಡೆಸಿದ್ದೇವೆ, ಅವು ಮತಾಂತರದ ಸಭೆಗಳಲ್ಲ ಎಂದು ತಂದೆ ಸ್ಪಷ್ಟಪಡಿಸಿದ್ದರು. ಮರುವರ್ಷ ಅದೇ ಮಗಳು ದೇಶದ ಮುಂದೆ ಯೇಸುವಿನ ಹೆಸರನ್ನು ಹೇಳಲು ಹಿಂಜರಿಯಲಿಲ್ಲ. ನವೆಂಬರ್ 2ರಂದು ಭಾರತ ವಿಶ್ವಕಪ್ ಗೆದ್ದಿತು.

ಸೋಲಿನ ಮುಂದೆಯೂ ನಿಲ್ಲುವ ವಿಶ್ವಾಸಕ್ಕೆ ಹಳೆಯ ಉದಾಹರಣೆ ಸ್ಕಾಟ್ಲೆಂಡಿನ ಎರಿಕ್ ಲಿಡೆಲ್. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಅರ್ಹತಾ ಸುತ್ತು ಭಾನುವಾರ ಬಂತೆಂದು ಅದನ್ನೇ ಬಿಟ್ಟುಕೊಟ್ಟರು. 400 ಮೀಟರ್‌ನಲ್ಲಿ ಚಿನ್ನ ಗೆದ್ದರು. ಮುಂದೆ ಮಿಷನರಿಯಾಗಿ ಚೀನಾಕ್ಕೆ ಹೋಗಿ, 1945ರಲ್ಲಿ ಜಪಾನೀಯರ ಬಂಧನ ಶಿಬಿರದಲ್ಲಿ ತೀರಿಕೊಂಡರು.

ಧರ್ಮಸಭೆಯೂ ಕ್ರೀಡೆಯನ್ನು ಲೌಕಿಕವೆಂದು ದೂರವಿಟ್ಟಿಲ್ಲ. ಸಂತ ಪೌಲರು ಕೊರಿಂಥದವರಿಗೆ ವಿಶ್ವಾಸದ ಬಾಳನ್ನು ತಿಳಿಸಿದ್ದು ಓಟಗಾರನ ಹೋಲಿಕೆಯಿಂದಲೇ. 2018ರ ಜೂನ್‌ನಲ್ಲಿ ವ್ಯಾಟಿಕನ್ ಕ್ರೀಡೆಯ ಬಗೆಗೇ ಒಂದು ದಾಖಲೆ ಪ್ರಕಟಿಸಿತು. ಉದ್ದೀಪನ ಮದ್ದು, ಭ್ರಷ್ಟಾಚಾರಗಳನ್ನು ಅದು ಖಂಡಿಸುತ್ತದೆ. ಶಿಲುಬೆ ಗುರುತು ಮಾಡಿ ಮೈದಾನಕ್ಕಿಳಿದವನು ಅಂಪೈರ್‌ಗೆ ಬೈದರೆ, ನೋಡಿದವರಿಗೆ ನೆನಪುಳಿಯುವುದು ಬೈಗುಳವೇ.

ನಿಯಮಗಳನ್ನೂ ತಿಳಿದಿರಬೇಕು. ಬ್ರೆಜಿಲಿನ ಕಾಕಾ 2007ರ ಚಾಂಪಿಯನ್ಸ್ ಲೀಗ್ ಗೆದ್ದಾಗ, ತಾನು ಯೇಸುವಿಗೆ ಸೇರಿದವನು ಎಂದು ಬರೆದ ಅಂಗಿಯನ್ನು ತೋರಿಸಿದ್ದರು. ಇಂದಿನ ಫುಟ್‌ಬಾಲ್ ನಿಯಮ ಉಡುಪಿನ ಮೇಲೆ ಧಾರ್ಮಿಕ ಘೋಷಣೆಗಳಿಗೆ ಅವಕಾಶ ಕೊಡುವುದಿಲ್ಲ. ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲೂ ಹಾಗೆಯೇ. ಅದು ಎಲ್ಲ ಧರ್ಮಗಳಿಗೂ ಅನ್ವಯಿಸುತ್ತದೆ. ನಮ್ಮ ಯುವಕರು ಟೂರ್ನಮೆಂಟ್‌ಗೆ ಜೆರ್ಸಿ ಹೊಲಿಸುವಾಗ ಬೈಬಲ್ ವಚನ ಹಾಕಿಸುವ ಮೊದಲು ಸಂಘಟಕರನ್ನು ಕೇಳುವುದು ಒಳ್ಳೆಯದು. ಶಿಲುಬೆ ಗುರುತು ಮಾಡಲು ಯಾರನ್ನೂ ಕೇಳಬೇಕಾಗಿಲ್ಲ.