ಜನರ ಮಾನಸಿಕ ಆರೋಗ್ಯ: ಸ್ಥಳೀಯ ಸಂಸ್ಥೆಗಳ ಹೊಣೆ, ವರ್ತಕರ ಪಾತ್ರ

ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿ ಪೇಟೆಗಳ ವ್ಯಾಪಾರವು ಭತ್ತ, ಮೆಕ್ಕೆಜೋಳ, ಶುಂಠಿ, ಅಡಿಕೆಗಳ ಫಸಲನ್ನು ಅವಲಂಬಿಸಿದೆ. ಮಳೆ ಕೈಕೊಟ್ಟರೆ ಅಥವಾ ಧಾರಣೆ ಕುಸಿದರೆ ರೈತನ ಸಾಲ ಬೆಳೆಯುತ್ತದೆ. ಅವನಿಗೆ ಉದ್ದರಿ ಕೊಟ್ಟ ವರ್ತಕನ ಬಾಕಿಯೂ ಬೆಳೆಯುತ್ತದೆ. ಈ ಒತ್ತಡದ ಭಾರ ಯಾವ ಖಾತೆ ಪುಸ್ತಕದಲ್ಲಿಯೂ ನಮೂದಾಗುವುದಿಲ್ಲ. ಆದರೆ ನಷ್ಟ ಮಾತ್ರ ನಿಜ. ಖಿನ್ನತೆ ಮತ್ತು ಆತಂಕದಿಂದ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆಯಿತ್ತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ದೊರೆತಿರಲಿಲ್ಲ.

ನೆರೆಯ ತಾಲ್ಲೂಕಿನ ಪಾಠ

ಚಿಕಿತ್ಸೆಯನ್ನು ಹಳ್ಳಿಗೇ ಕೊಂಡೊಯ್ಯುವ ಮಾರ್ಗವನ್ನು ದೇಶಕ್ಕೆ ತೋರಿಸಿದ್ದು ಕರ್ನಾಟಕವೇ. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ ಪ್ರಯೋಗ ನಡೆಸಿತು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ನಮ್ಮ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ಸ್ಕಿಜೋಫ್ರೇನಿಯಾ ಪೀಡಿತರನ್ನು ಅವರ ಊರುಗಳಲ್ಲಿಯೇ ಗುರುತಿಸಿ ಚಿಕಿತ್ಸೆ ನೀಡಲಾಯಿತು. ಔಷಧ ಪಡೆದವರ ಅಸಾಮರ್ಥ್ಯವು ಪಡೆಯದವರಿಗಿಂತ ಕಡಿಮೆಯಿತ್ತು. ಗಮನಾರ್ಹ ಸಂಖ್ಯೆಯವರು ದುಡಿಮೆಯಲ್ಲಿ ತೊಡಗಿದ್ದರು. ಅರ್ಥಾತ್, ಚಿಕಿತ್ಸೆಯು ಒಬ್ಬ ದುಡಿಯುವವನನ್ನು ಕುಟುಂಬಕ್ಕೆ ಮರಳಿಸಬಲ್ಲದು.

ಸ್ಥಳೀಯ ಸಂಸ್ಥೆಗಳು ಮಾಡಬಹುದಾದದ್ದು

ಸಂವಿಧಾನದ 11 ಮತ್ತು 12ನೆಯ ಅನುಸೂಚಿಗಳು ಆರೋಗ್ಯವನ್ನೂ ದುರ್ಬಲರ ಕಲ್ಯಾಣವನ್ನೂ ಪಂಚಾಯಿತಿ ಹಾಗೂ ಪುರಸಭೆಗಳ ವ್ಯಾಪ್ತಿಯಲ್ಲಿ ಇರಿಸಿವೆ. ಆದ್ದರಿಂದ ಈ ಕೆಳಗಿನ ಕಾರ್ಯಗಳಿಗೆ ಹೊಸ ಕಾನೂನು ಬೇಕಿಲ್ಲ.

1. ಮಾಹಿತಿ: ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ದೊರಕಿಸಲೆಂದು ರಾಜ್ಯವು ಮನೋಚೈತನ್ಯ ಕಾರ್ಯಕ್ರಮವನ್ನು ರೂಪಿಸಿತು. ವೈದ್ಯರು ಲಭ್ಯರಿರುವ ದಿನವನ್ನು ಸಂತೆಯಲ್ಲಿ, ಕಸದ ವಾಹನದ ಧ್ವನಿವರ್ಧಕದಲ್ಲಿ ಸಾರಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತವಾಗಿದ್ದು, ಹಗಲಿರುಳೂ ಕನ್ನಡದಲ್ಲಿ ಲಭ್ಯವಿದೆ. ಈ ಸಂಖ್ಯೆ ಪ್ರತಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲಿರಬೇಕು.

2. ಸೌಲಭ್ಯ: 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಮಾನಸಿಕ ಕಾಯಿಲೆಯನ್ನೂ ಅಂಗವೈಕಲ್ಯದ ಪಟ್ಟಿಗೆ ಸೇರಿಸಿದೆ. ಪ್ರಮಾಣಪತ್ರ, ಮಾಸಾಶನಗಳಿಗೆ ಅಲೆದಾಡುವ ಕುಟುಂಬಗಳಿಗೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗಬಹುದು.

3. ಕೂಡುವ ತಾಣ: ಉದ್ಯಾನ, ಆಟದ ಮೈದಾನ, ಗ್ರಂಥಾಲಯಗಳು ಒಂಟಿತನಕ್ಕೆ ಅಗ್ಗದ ಮದ್ದು. ಇವುಗಳ ನಿರ್ವಹಣೆಗೆ ಆಯವ್ಯಯದಲ್ಲಿ ಪ್ರತ್ಯೇಕ ಮೊತ್ತ ಇರಿಸುವುದು ಉಚಿತ.

ಕೀಟನಾಶಕ ಮಾರಾಟಗಾರರ ಗಮನಕ್ಕೆ

ಈ ವಿಷಯದಲ್ಲಿ ಶ್ರೀಲಂಕಾದ ಅನುಭವ ಗಮನಾರ್ಹ. 1995ರಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನೂ 1998ರಲ್ಲಿ ಎಂಡೋಸಲ್ಫಾನನ್ನೂ ನಿಷೇಧಿಸಿದ ಆ ದೇಶದಲ್ಲಿ 2005ರ ಹೊತ್ತಿಗೆ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಇಳಿಯಿತು. ಸಾಯಬೇಕೆಂಬ ಆವೇಗ ಅನೇಕ ವೇಳೆ ಕ್ಷಣಿಕ. ಆ ಗಳಿಗೆ ಕಳೆದರೆ ಜೀವ ಉಳಿಯುತ್ತದೆ. ಅಲ್ಲಿಯೇ ಮನೆಮನೆಗೆ ಬೀಗದ ಪೆಟ್ಟಿಗೆ ಹಂಚಿ ನಡೆಸಿದ ಅಧ್ಯಯನ (2017) ಮಾತ್ರ ನಿರೀಕ್ಷಿತ ಫಲ ನೀಡಲಿಲ್ಲ. ಎಂದರೆ, ಬೀಗಕ್ಕಿಂತ ಮುಖ್ಯವಾದದ್ದು ಅಂಗಡಿಯಲ್ಲಿ ಏನು ಮಾರಾಟವಾಗುತ್ತದೆ ಎಂಬುದು. ಕಡಿಮೆ ವಿಷದ ಪರ್ಯಾಯವಿದ್ದಲ್ಲಿ ಅದನ್ನೇ ಸೂಚಿಸುವುದು, ಕಂಗೆಟ್ಟ ಗಿರಾಕಿಯೊಡನೆ ಎರಡು ಮಾತನಾಡಿ ಅವನ ಮನೆಯವರಿಗೆ ತಿಳಿಸುವುದು ಮಾರಾಟಗಾರರ ಕೈಯಲ್ಲಿದೆ.

ಉದ್ದಿಮೆದಾರರ ಪಾಲು

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 21ನೆಯ ಪ್ರಕರಣದಂತೆ ವಿಮಾ ಸಂಸ್ಥೆಗಳು ದೈಹಿಕ ಕಾಯಿಲೆಯ ರೀತಿಯಲ್ಲಿಯೇ ಮಾನಸಿಕ ಕಾಯಿಲೆಗೂ ವೈದ್ಯಕೀಯ ವಿಮೆ ಒದಗಿಸಬೇಕು. ನೌಕರರಿಗೆ ಗುಂಪು ವಿಮೆ ಮಾಡಿಸುವವರು ಈ ಅಂಶವನ್ನು ಪರಿಶೀಲಿಸಿಕೊಳ್ಳುವುದು ಒಳಿತು. ಅಕ್ಕಿ ಗಿರಣಿಯ ಹಮಾಲಿಯಾಗಲಿ, ಸೊರಬದ ಗಂಧದ ಕೆತ್ತನೆಯ ಗುಡಿಗಾರರಾಗಲಿ, ಚಿಕಿತ್ಸೆಗೆ ಹೋದ ದಿನದ ಕೂಲಿ ಕಡಿತವಾಗದಂತೆ ನೋಡಿಕೊಂಡರೆ ಅದೇ ದೊಡ್ಡ ನೆರವು.

ವರ್ತಕರ ಸಂಘಗಳು ಪುರಸಭೆಗೆ ರಸ್ತೆ, ಚರಂಡಿ, ತೆರಿಗೆಗಳ ಬಗ್ಗೆ ಮನವಿ ಸಲ್ಲಿಸುವುದು ರೂಢಿ. ಮುಂದಿನ ಆಯವ್ಯಯ ಪೂರ್ವಭಾವಿ ಸಭೆಯ ಮನವಿಯಲ್ಲಿ ಮಾನಸಿಕ ಆರೋಗ್ಯದ ವಿಷಯವನ್ನೂ ಸೇರಿಸಬೇಕೆಂದು ವರ್ತಕ ಬಾಂಧವರಲ್ಲಿ ವಿನಂತಿ.