ಅಪ್ಪ-ಅಮ್ಮ ಬೇರೆಯಾದಾಗ ಮಗುವಿಗೆ ಏನು ಹೇಳಬೇಕು?

"ಅಪ್ಪ ಮನೆ ಬಿಟ್ಟು ಹೋಗಿದ್ದು ನಾನು ಹಠ ಮಾಡಿದ್ದಕ್ಕಾ?"

ನಾಲ್ಕೈದು ವರ್ಷದ ಮಗು ಬಾಯಿಬಿಟ್ಟು ಕೇಳದಿದ್ದರೂ ಒಳಗೊಳಗೇ ಹೀಗೆ ಅಂದುಕೊಂಡಿರಬಹುದು. ಆ ವಯಸ್ಸಿನಲ್ಲಿ ಎಲ್ಲದಕ್ಕೂ ತಾನೇ ಕಾರಣ ಅನ್ನಿಸುವುದು ಸಹಜ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾದರೆ ಬೈಯಬೇಡಿ, ಮಗು ಹೆದರಿರಬಹುದು.

ಸಾಧ್ಯವಾದರೆ ಇಬ್ಬರೂ ಜೊತೆಗೆ ಕೂತು ಹೇಳಿ: "ಇದು ದೊಡ್ಡವರ ವಿಷಯ. ನಿನ್ನ ತಪ್ಪಿಲ್ಲ ಕಂದಾ. ಶನಿವಾರ ಅಪ್ಪ ಬರ್ತಾರೆ." ಕೇಳಿದಾಗಲೆಲ್ಲ ಮತ್ತೆ ಹೇಳಿ. ಆ ಶನಿವಾರ ಮಾತ್ರ ತಪ್ಪಿಸಬೇಡಿ. 'ಅಪ್ಪ ದುಬೈಗೆ ಹೋಗಿದ್ದಾರೆ' ಅನ್ನುವ ಸುಳ್ಳೂ ಬೇಡ.

ಅಜ್ಜಿ-ತಾತಂದಿರೇ, "ನಿಂಗೆ ಅಮ್ಮ ಇಷ್ಟನಾ, ಅಪ್ಪ ಇಷ್ಟನಾ" ಅನ್ನುವ ಪ್ರಶ್ನೆ ದಯವಿಟ್ಟು ಬಿಟ್ಟುಬಿಡಿ.

ಮಗುವಿನ ಊಟ, ನಿದ್ದೆ ವಾರಗಟ್ಟಲೆ ಸರಿಹೋಗದಿದ್ದರೆ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.