ದನವೋ ಧನವೋ, ಮಾನಿಟರ್ ಹೇಳಲಿ

ಕಂಪ್ಯೂಟರ್ ಅಂಗಡಿಗೆ ಹೋಗಿ ನೋಡಿ. ಗೋಡೆಯುದ್ದಕ್ಕೂ ಸಾಲಾಗಿ ಇಟ್ಟ ಮಾನಿಟರುಗಳಲ್ಲಿ ಪಂಚರಂಗಿ ಗಿಳಿ ಹಾರುತ್ತಿರುತ್ತದೆ, ಜಲಪಾತ ಧುಮುಕುತ್ತಿರುತ್ತದೆ, ಕೆಂಪು ಕಾರು ಓಡುತ್ತಿರುತ್ತದೆ. ಎಲ್ಲವೂ ಚೆಂದವೇ. ಆದರೆ ಮನೆಗೆ ತಂದ ಮೇಲೆ ನಾವು ಗಿಳಿ ನೋಡುತ್ತಾ ಕೂರುವುದಿಲ್ಲ. ಮೊಮ್ಮಗಳು ಶಾಲೆಯ ಪ್ರಾಜೆಕ್ಟ್ ಬರೆಯುತ್ತಾಳೆ, ತಾತ ಪೇಪರ್ ಓದುತ್ತಾರೆ, ಅಜ್ಜಿ ಪಿಂಚಣಿಯ ಲೆಕ್ಕ ನೋಡುತ್ತಾರೆ. ಹೊತ್ತು ಕಳೆಯುವುದೆಲ್ಲ ಅಕ್ಷರಗಳ ಜೊತೆಗೇ. ಅಂಗಡಿಯವರು ಅಕ್ಷರ ತೋರಿಸುವುದಿಲ್ಲ, ನಾವೇ ಕೇಳಬೇಕು.

ಕೇಳುವಾಗ ಕನ್ನಡವನ್ನೇ ಕೇಳಿ. ಇಂಗ್ಲಿಷ್ ಅಕ್ಷರಗಳು ನೇರ ಗೆರೆ, ದೊಡ್ಡ ಬಾಗುಗಳಿಂದ ಆದವು. ಮಂಕು ಪರದೆಯಲ್ಲೂ ಹೇಗೋ ಓದಿಸಿಕೊಳ್ಳುತ್ತವೆ. ನಮ್ಮ ಅಕ್ಷರಗಳ ಕಥೆ ಬೇರೆ. ಹೊಟ್ಟೆ ಸೀಳಿದರೆ ಧ, ಸೀಳದಿದ್ದರೆ ದ. ಥ ಆಗಬೇಕಾದರೆ ನಡುವೆ ಚುಕ್ಕೆ ಇರಲೇಬೇಕು. ಆ ಪುಟ್ಟ ಸೀಳು ಕಾಣಿಸದೆ ಹೋದರೆ ಧನಲಕ್ಷ್ಮಿ ದನಲಕ್ಷ್ಮಿಯಾಗಿಬಿಡುತ್ತಾಳೆ! ಇನ್ನು ಒತ್ತಕ್ಷರಗಳನ್ನು ಕೇಳಲೇಬೇಡಿ. ‘ರಾಷ್ಟ್ರ’, ‘ಜ್ಯೋತ್ಸ್ನೆ’ ಎಂದು ಬರೆದರೆ ಸಾಲಿನ ಕೆಳಗೆ ಇನ್ನೊಂದು ಸಣ್ಣ ಸಂಸಾರವೇ ಇರುತ್ತದೆ.

ಹಾಗಾಗಿ ಅಂಗಡಿಯಲ್ಲಿ ಯಾವುದಾದರೂ ಕನ್ನಡ ಪತ್ರಿಕೆಯ ಪುಟ ತೆರೆಸಿ. ಇಲ್ಲವಾದರೆ ದನ, ಧನ, ಕದ, ಕಥೆ, ಬಾವಿ, ಭಾವಿ, ರಾಷ್ಟ್ರ, ಜ್ಯೋತ್ಸ್ನೆ ಎಂದು ಟೈಪ್ ಮಾಡಿಸಿ. ಮನೆಯ ಹಿರಿಯರು ತಮ್ಮ ದಿನನಿತ್ಯದ ಕನ್ನಡಕ ಹಾಕಿಕೊಂಡು, ತೋಳು ಚಾಚಿದಷ್ಟು ದೂರ ಕೂತು ಓದಲಿ. ಮುಂದಕ್ಕೆ ಬಗ್ಗದೆ, ಕಣ್ಣು ಕಿರಿದು ಮಾಡದೆ ಓದಲು ಬಂದರೆ ಆ ಮಾನಿಟರ್ ಪಾಸು.

ಇಷ್ಟೆಲ್ಲ ಏಕೆಂದರೆ, ‘ನನಗೆ ಕಣ್ಣು ಕಾಣೋಲ್ಲ ಕಣಪ್ಪ, ನೀನೇ ಓದಿ ಹೇಳು’ ಎಂದು ಕುರ್ಚಿ ಬಿಟ್ಟು ಏಳುವ ಹಿರಿಯರು ಅನೇಕ ಮನೆಗಳಲ್ಲಿದ್ದಾರೆ. ಆಮೇಲೆ ಅವರು ಆ ಕಡೆ ಸುಳಿಯುವುದೇ ಇಲ್ಲ. ತಪ್ಪು ಕಣ್ಣಿನದೋ ಪರದೆಯದೋ ಎಂದು ನೋಡಿದವರಿಲ್ಲ. ಅದೇ ಕನ್ನಡಕದಲ್ಲಿ ಅಚ್ಚಾದ ಪತ್ರಿಕೆ ಸಲೀಸಾಗಿ ಓದಲು ಬರುತ್ತಿದ್ದರೆ ಮೊದಲು ಮಾನಿಟರನ್ನೇ ವಿಚಾರಿಸಿಕೊಳ್ಳಿ. ಅಚ್ಚಿನ ಅಕ್ಷರವೂ ಮಸುಕಾಗಿದ್ದರೆ, ಇಲ್ಲವೇ ನೇರ ಗೆರೆ ಸೊಟ್ಟಗೆ ಕಾಣುತ್ತಿದ್ದರೆ ಮಾತ್ರ ತಡಮಾಡದೆ ಕಣ್ಣಿನ ಡಾಕ್ಟರ ಬಳಿ ಹೋಗಬೇಕು.

ಅಕ್ಷರ ಏಕೆ ಮಂಕಾಗುತ್ತದೆ? ಇದು ಅಜ್ಜಿಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ, ಏಕೆಂದರೆ ಪರದೆಯೂ ಒಂದು ಚುಕ್ಕಿ ರಂಗೋಲಿ. ‘ಫುಲ್ ಎಚ್‌ಡಿ’ ಎಂದು ಮಾರುವ ಮಾನಿಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿರುತ್ತವೆ. ಮಕ್ಕಳೇ, ಗುಣಿಸಿ ನೋಡಿ: 20,73,600. ಪರದೆ 22 ಇಂಚಿನದಾದರೂ 27 ಇಂಚಿನದಾದರೂ ಚುಕ್ಕಿ ಅಷ್ಟೇ. ಅಂಗಳ ದೊಡ್ಡದಾಯಿತು, ಚುಕ್ಕಿ ಹೆಚ್ಚಾಗಲಿಲ್ಲ ಎಂದರೆ ಏನಾಗುತ್ತದೆ? ಚುಕ್ಕಿಗಳು ದೂರ ದೂರವಾಗುತ್ತವೆ, ಎಳೆ ಒರಟಾಗುತ್ತದೆ. 24 ಇಂಚಿನಲ್ಲಿ ಒಂದು ಇಂಚಿಗೆ ಸುಮಾರು 92 ಚುಕ್ಕಿ ಬಿದ್ದರೆ 27 ಇಂಚಿನಲ್ಲಿ 82 ಮಾತ್ರ. ‘ಹಿರಿಯರಿಗೆ ದೊಡ್ಡದೇ ಇರಲಿ’ ಎಂದು ಫುಲ್ ಎಚ್‌ಡಿಯ 27 ಇಂಚು ತಂದವರಿಗೆ ಅಕ್ಷರ ದೊಡ್ಡದಾಗಿ ಕಾಣುತ್ತದೆ, ಆದರೆ ಅಂಚು ಹಲ್ಲುಹಲ್ಲಾಗಿರುತ್ತದೆ. 27 ಇಂಚೇ ಬೇಕೆಂದರೆ 2560 ಅಡ್ಡ, 1440 ಉದ್ದದ ಚುಕ್ಕಿಗಳಿರುವುದನ್ನು ಕೊಳ್ಳಿ. ಅದರಲ್ಲಿ ಇಂಚಿಗೆ ಸುಮಾರು 109. ಬೆಲೆ ಹೆಚ್ಚು. ಸಾಧಾರಣ ಮನೆಗೆ, ಸಾಧಾರಣ ಮೇಜಿಗೆ 24 ಇಂಚಿನ ಫುಲ್ ಎಚ್‌ಡಿ ಸಾಕು ಎಂಬುದು ನನ್ನ ಅಭಿಪ್ರಾಯ. ಹಳೆಯ ಟಿವಿಯನ್ನೇ ಮಾನಿಟರ್ ಮಾಡಿಕೊಳ್ಳುವ ಉಪಾಯ ಸಿನಿಮಾಕ್ಕೆ ಸರಿ, ಓದಿಗೆ ಬೇಡ.

ಮನೆಯಲ್ಲಿ ಅಕ್ಷರ ಸಣ್ಣದು ಎನ್ನಿಸಿದಾಗ ಕೆಲವರು ‘ರೆಸಲ್ಯೂಷನ್’ ಕಡಿಮೆ ಮಾಡಿಬಿಡುತ್ತಾರೆ. ಅಕ್ಷರವೇನೋ ಹಿಗ್ಗುತ್ತದೆ, ಆದರೆ ನೀರು ಬಿದ್ದ ಶಾಯಿಯಂತೆ ಹರಡಿಕೊಳ್ಳುತ್ತದೆ. ಪರದೆಯ ಚುಕ್ಕಿಗಳು ಕೂತಲ್ಲೇ ಕೂತಿರುತ್ತವಲ್ಲ! ಅದನ್ನು ಮುಟ್ಟಬೇಡಿ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ‘ಸ್ಕೇಲ್’ ಎಂದಿರುತ್ತದೆ. ಅದನ್ನು 125ಕ್ಕೋ 150ಕ್ಕೋ ಏರಿಸಿ. ಓದುತ್ತಿರುವ ಪುಟವೊಂದನ್ನೇ ಹಿಗ್ಗಿಸಲು ಕಂಟ್ರೋಲ್ ಕೀ ಒತ್ತಿಹಿಡಿದು ಪ್ಲಸ್ ಒತ್ತಿದರೆ ಆಯಿತು. ಇದನ್ನು ಅಜ್ಜ ಅಜ್ಜಿಗೆ ಕಲಿಸುವ ಕೆಲಸ ಮಕ್ಕಳದು.

ಬದಲಿಗೆ ತಾತನ ಭೂತಗನ್ನಡಿ ಕೇಳಿ ಇಸಿದುಕೊಳ್ಳಿ. ಪರದೆಯ ಬಿಳಿ ಜಾಗದ ಹತ್ತಿರ ಹಿಡಿದು ನೋಡಿ. ಬಿಳಿ ಎಲ್ಲೂ ಇಲ್ಲ! ಪ್ರತಿ ಚುಕ್ಕಿಯೊಳಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಕಿಟಕಿಗಳು ಕಾಣುತ್ತವೆ. ಮೂರೂ ತೆರೆದರೆ ಬಿಳಿ, ಮೂರೂ ಮುಚ್ಚಿದರೆ ಕಪ್ಪು.

ಈ ಕಿಟಕಿ ತೆರೆದು ಮುಚ್ಚುವುದು ದ್ರವಸ್ಫಟಿಕ ಎಂಬ ವಿಚಿತ್ರ ವಸ್ತು. ಅದು ಹರಿಯುವುದು ದ್ರವದಂತೆ, ಅಣುಗಳು ಸಾಲಾಗಿ ನಿಲ್ಲುವುದು ಸ್ಫಟಿಕದಂತೆ. 1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಶ್ ರೈನಿಟ್ಸರ್ ಕ್ಯಾರೆಟ್ಟಿನಿಂದ ತೆಗೆದ ವಸ್ತುವಿನಿಂದ ಮಾಡಿದ ಒಂದು ಪುಡಿಯನ್ನು ಕಾಯಿಸಿದರು. ಅದು ಸುಮಾರು 145 ಡಿಗ್ರಿಯಲ್ಲಿ ಕರಗಿ ಮಬ್ಬಾಯಿತು, ಮತ್ತೆ ಸುಮಾರು 178 ಡಿಗ್ರಿಯಲ್ಲಿ ತಿಳಿಯಾಯಿತು. ಎರಡು ಸಲ ಕರಗುವ ಪದಾರ್ಥ! ಅಲ್ಲಿಂದ ಶುರುವಾದ ಕಥೆ ಬೆಂಗಳೂರಿಗೂ ಬಂತು. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಕಲಿಸಿದ್ದ ಎಸ್. ಚಂದ್ರಶೇಖರ್ ಆಮೇಲೆ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. (ನೊಬೆಲ್ ಪಡೆದ ಖಗೋಳವಿಜ್ಞಾನಿ ಚಂದ್ರಶೇಖರ್ ಬೇರೆ, ಇವರು ಬೇರೆ. ಒಬ್ಬರು ಸಿ.ವಿ. ರಾಮನ್ನರ ಅಣ್ಣನ ಮಗ, ಇವರು ಸೋದರಿಯ ಮಗ.) ಅದುವರೆಗೆ ಗೊತ್ತಿದ್ದ ದ್ರವಸ್ಫಟಿಕಗಳ ಅಣುಗಳು ಅಕ್ಕಿಕಾಳಿನಂತೆ ಉದ್ದನೆಯವು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ನಾಣ್ಯದಂತೆ ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ತೋರಿಸಿದರು. ಮುಂದೆ ಜಪಾನಿನ ಫ್ಯೂಜಿಫಿಲ್ಮ್ ಕಂಪನಿ ಇಂಥ ಬಿಲ್ಲೆ ಅಣುಗಳ ತೆಳುಪದರ ಮಾಡಿ ಪರದೆಗೆ ಅಂಟಿಸಿತು. ಪಕ್ಕದಿಂದ ನೋಡಿದರೆ ಚಿತ್ರ ಮಾಸುವ ತೊಂದರೆ ಅದರಿಂದ ಕಡಿಮೆಯಾಯಿತು.

ಪಕ್ಕದಿಂದ ನೋಡುವುದು ನಮ್ಮ ಮನೆಗಳಲ್ಲಿ ಸಣ್ಣ ವಿಷಯವಲ್ಲ. ಒಂದೇ ಮಾನಿಟರ್, ನಡುವೆ ಮೊಮ್ಮಗ, ಆಚೆ ತಾತ, ಹಿಂದೆ ನಿಂತ ಅಜ್ಜಿ. ‘ಟಿಎನ್’ ಜಾತಿಯ ಅಗ್ಗದ ಪರದೆಯಲ್ಲಿ ನಡುವೆ ಕೂತವನಿಗೆ ಮಾತ್ರ ಬಣ್ಣ ಸರಿ. ‘ಐಪಿಎಸ್’ ಎಂದು ಬರೆದಿರುವುದನ್ನೇ ಕೇಳಿ. ಅದರಲ್ಲಿ ಪಕ್ಕದವರಿಗೂ ನ್ಯಾಯ ಸಿಗುತ್ತದೆ. ಅಂಗಡಿಯಲ್ಲೇ ಎರಡೂ ಕಡೆ ನಿಂತು, ಬಗ್ಗಿ ನೋಡಿ. 144 ಹರ್ಟ್ಸ್, ಬಾಗಿದ ಪರದೆ ಎಲ್ಲ ಆಟದ ಹುಚ್ಚಿನವರಿಗೆ. ಓದು ಬರಹಕ್ಕೆ 60 ಸಾಕು. ಹಳೆಯ ಕಂಪ್ಯೂಟರ್ ಇದ್ದವರು ಅದರ ಹಿಂದೆ ಎಂಥ ಕಿಂಡಿ ಇದೆ ಎಂದು ಫೋಟೊ ತೆಗೆದುಕೊಂಡು ಹೋದರೆ ವೈರಿಗಾಗಿ ಎರಡನೇ ಸಲ ಅಲೆಯುವುದು ತಪ್ಪುತ್ತದೆ.

ತಂದದ್ದಾಯಿತು, ಎಲ್ಲಿಡುವುದು? ಕಿಟಕಿಯ ಎದುರಿಗೂ ಬೇಡ, ಕಿಟಕಿಗೆ ಬೆನ್ನಾಗಿಯೂ ಬೇಡ. ಬೆಳಕು ಪಕ್ಕದಿಂದ ಬರಲಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೋ ತುಸು ಕೆಳಕ್ಕೋ ಇರಬೇಕು ಎನ್ನುತ್ತಾರೆ. ಇದಕ್ಕೊಂದು ತಿದ್ದುಪಡಿ ಬೇಕು. ಬೈಫೋಕಲ್ ಅಥವಾ ಪ್ರೊಗ್ರೆಸಿವ್ ಕನ್ನಡಕದವರು ಓದುವುದು ಗಾಜಿನ ಕೆಳಭಾಗದಿಂದ. ಮಾನಿಟರ್ ಎತ್ತರದಲ್ಲಿದ್ದರೆ ಗದ್ದ ಮೇಲೆತ್ತಿ ಓದಬೇಕಾಗುತ್ತದೆ, ಸಂಜೆಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಅಂಥವರಿಗೆ ಇನ್ನೂ ಒಂದೆರಡು ಇಂಚು ಕೆಳಗಿರಲಿ, ಪರದೆ ತುಸು ಹಿಂದಕ್ಕೆ ವಾಲಲಿ. ಮೊಮ್ಮಗುವಿಗೆ ಇನ್ನೊಂದು ಎತ್ತರ ಬೇಕು. ಆದ್ದರಿಂದಲೇ ಏರಿಸಿ ಇಳಿಸಬಹುದಾದ ಸ್ಟ್ಯಾಂಡಿಗೆ ಕೊಡುವ ಹಣ ದಂಡವಲ್ಲ.

ಮಕ್ಕಳಿಗೆ ಇನ್ನೊಂದು ಕೆಲಸ. ತಾತ ಆರಾಮಾಗಿ ಕೂತಾಗ ಕಣ್ಣಿನಿಂದ ಪರದೆಗೆ ಎಷ್ಟು ದೂರ ಎಂದು ಟೇಪಿನಿಂದ ಅಳೆದು ಚೀಟಿಯಲ್ಲಿ ಬರೆಯಿರಿ. ಓದುವ ಕನ್ನಡಕವನ್ನು ಸಾಮಾನ್ಯವಾಗಿ ಪುಸ್ತಕದ ದೂರಕ್ಕೆ, ಅಂದರೆ 40 ಸೆಂಟಿಮೀಟರಿಗೆ ಮಾಡುತ್ತಾರೆ. ಮಾನಿಟರ್ ಇರುವುದು ಸುಮಾರು 60ರಲ್ಲಿ. ಮುಂದಿನ ಸಲ ಕನ್ನಡಕ ಮಾಡಿಸುವಾಗ ಆ ಚೀಟಿ ತೋರಿಸಿದರೆ ಸಾಕು, ಅದಕ್ಕೆ ಹೊಂದುವ ನಂಬರ್ ಕೊಡುತ್ತಾರೆ. ‘ನೀಲಿ ಬೆಳಕು ತಡೆಯುವ’ ಗಾಜಿಗೆ ಹೆಚ್ಚು ಹಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಅಮೆರಿಕದ ನೇತ್ರವೈದ್ಯರ ಅಕಾಡೆಮಿಯೂ ಅದನ್ನು ಶಿಫಾರಸು ಮಾಡುವುದಿಲ್ಲ. ಕಣ್ಣು ಉರಿಯುವುದು ಹೆಚ್ಚಾಗಿ ರೆಪ್ಪೆ ಬಡಿಯಲು ಮರೆಯುವುದರಿಂದ. ಫ್ಯಾನ್ ಗಾಳಿ ನೇರ ಮುಖಕ್ಕೆ ಬೀಸುತ್ತಿದ್ದರೆ ಇನ್ನೂ ಹೆಚ್ಚು. 20 ನಿಮಿಷಕ್ಕೊಮ್ಮೆ ತಲೆಯೆತ್ತಿ ಅಂಗಳದ ತೆಂಗಿನಮರ ನೋಡಿ. ಬೆಳಕು ಹದವಾಗಿದೆಯೇ ಎಂದು ತಿಳಿಯಲು ಪರದೆಯ ಪಕ್ಕ ಬಿಳಿ ಹಾಳೆ ಹಿಡಿಯಿರಿ. ಪರದೆ ಟ್ಯೂಬ್‌ಲೈಟಿನಂತೆ ಹೊಳೆದರೆ ಬ್ರೈಟ್‌ನೆಸ್ ಇಳಿಸಿ.

ಒರೆಸುವಾಗ ಮಾನಿಟರ್ ಆಫ್ ಮಾಡಿ, ಕನ್ನಡಕ ಒರೆಸುವಂಥ ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಒರೆಸಿ. ಬೇಕಾದರೆ ಬಟ್ಟೆಗೆ ನಾಲ್ಕು ಹನಿ ನೀರು. ಪರದೆಗೆ ನೇರವಾಗಿ ಏನನ್ನೂ ಚಿಮುಕಿಸಬೇಡಿ. ಕಿಟಕಿ ಗಾಜಿನ ದ್ರಾವಣವಂತೂ ಬೇಡವೇ ಬೇಡ. ಆಯುಧಪೂಜೆಯ ದಿನ ವಿಭೂತಿ, ಕುಂಕುಮ ಸ್ಟ್ಯಾಂಡಿಗೆ ಹಚ್ಚಿ, ಹೂವನ್ನು ಗಾಳಿಕಿಂಡಿಗಳಿಂದ ದೂರ ಇಡಿ. ಅಟ್ಟದ ಮೇಲೆ ಹಳೆಯ ಡಬ್ಬದಂಥ ಮಾನಿಟರ್ ಇನ್ನೂ ಕೂತಿದ್ದರೆ ಗುಜರಿಯವನ ಸುತ್ತಿಗೆಗೆ ಕೊಡಬೇಡಿ. ಅದರ ಗಾಜಿನಲ್ಲಿ ಸೀಸ ಇರುತ್ತದೆ. ಇ-ತ್ಯಾಜ್ಯ ತೆಗೆದುಕೊಳ್ಳುವವರು ಬರುವ ತನಕ ಅದು ಅಟ್ಟದಲ್ಲೇ ಇರಲಿ.